ಸಣ್ಣ ರಾಜರ ಕೆಲಸ

"ವೀಳ್ಯ ಕಳಿಸಿ ಸ್ನೇಹ ಬೇಡುವುದು ಸಣ್ಣ ರಾಜರ ಕೆಲಸ" ಎನ್ನುತ್ತ ಮೂವತ್ತು ವರ್ಷ ಒಬ್ಬನೇ ಮೆರೆದಿದ್ದ ಚಕ್ರವರ್ತಿಗೆ, ನೆರೆಯ ರಾಜರಿಬ್ಬರು ವೀಳ್ಯ ಬದಲಿಸಿಕೊಂಡರೆಂದು ಕೇಳಿದಾಗಿನಿಂದ ಅನ್ನ ಸೇರುತ್ತಿರಲಿಲ್ಲ. ಅವರ ಔತಣಕ್ಕೆ ಕಳಿಸಿದ್ದ ಗೂಢಚಾರ ಮರಳಿ ಬಂದ.

"ಇಬ್ಬರೂ ಅಕ್ಕಪಕ್ಕ ಕೂತು ಉಂಡರು, ಮಹಾಪ್ರಭು. ಒಂದೇ ತಟ್ಟೆಯಿಂದ ಎಲೆಯಡಿಕೆ ಹಾಕಿಕೊಂಡರು. ಸಂಜೆಯವರೆಗೂ ಒಂದೇ ನಗು."

"ನಗಲಿ, ನಗಲಿ! ನನ್ನ ಮೇಲೆ ಯಾವಾಗ ದಂಡೆತ್ತಿ ಬರುತ್ತಾರಂತೆ?"

"ಆ ಮಾತೇ ಬರಲಿಲ್ಲ."

"ಮತ್ತೆ ನನ್ನನ್ನು ಏನೆಂದು ಬೈದರು? ಹೆದರಬೇಡ, ಹೇಳು."

ಗೂಢಚಾರ ತಲೆ ತಗ್ಗಿಸಿದ. "ತಮ್ಮ ಹೆಸರನ್ನೇ ಎತ್ತಲಿಲ್ಲ, ಮಹಾಪ್ರಭು."

ಚಕ್ರವರ್ತಿ ಸಿಂಹಾಸನದಿಂದ ಎದ್ದೇಬಿಟ್ಟ.

"ಮಂತ್ರಿಗಳೇ, ಇಬ್ಬರಿಗೂ ಇವತ್ತೇ ವೀಳ್ಯ ಕಳಿಸಿ. ಅವರು ಹಾಕಿಕೊಂಡದ್ದಕ್ಕಿಂತ ಎಳೆಯ ಎಲೆ ಇರಲಿ!"