ಐದು ವರ್ಷದ ಸಸಿ

ನಾಳೆ ಅಪ್ಪನ ಹುಟ್ಟುಹಬ್ಬ. ಪ್ರತಿ ವರ್ಷ ಇದೇ ನರ್ಸರಿಯಿಂದ ಆರ್ಕಿಡ್ ಸಸಿ ಒಯ್ದು ಕೊಡುತ್ತೇನೆ. ಒಂದೂ ಹೂ ಬಿಡುವವರೆಗೆ ಉಳಿದಿಲ್ಲ.

"ಈ ಸಲ ಹೂ ಬಿಟ್ಟಿರೋ ಗಿಡ ತಗೊಂಡ್ಹೋಗು ತಮ್ಮಾ," ನರ್ಸರಿಯ ಹೆಂಗಸು ಮೂರನೇ ಸಲ ಹೇಳಿದಳು. "ಸಸಿ ಅಗ್ಗ, ನಿಜ. ಹೂವಿಗೆ ಐದು ವರ್ಷ ಕಾಯ್ಬೇಕು."

"ಗೊತ್ತಿದ್ದೇ ಕೇಳ್ತಿರೋದು! ಸಸಿ ಕೊಡ್ರೀ, ನಿಮ್ಮ ಪುರಾಣ ಬೇಡ!" ಮೇಜು ಗುದ್ದಿದೆ. "ಅಪ್ಪಂಗೆ ಇನ್ನು ಮೂರೇ ತಿಂಗಳು ಅಂದಿದಾರೆ ಡಾಕ್ಟ್ರು. ಅವರಿಗೆ ಹೇಳಿಲ್ಲ. ಪ್ರತಿ ವರ್ಷ ಸಸಿ ಕೊಟ್ಟೋನು ಈಗ ಹೂವಿರೋದು ಒಯ್ದರೆ ಗೊತ್ತಾಗಲ್ವಾ? ತಲೆ ಇಲ್ವಾ ನಿಮಗೆ?"

ಅವಳು ಸಸಿಯನ್ನು ಸರಿಸಿ, ಹೂವಿನ ಕುಂಡವನ್ನೇ ನನ್ನ ಮುಂದಿಟ್ಟಳು.

"ಬೆಳಿಗ್ಗೆ ನಿಮ್ಮಪ್ಪ ಬಂದಿದ್ರು. 'ಮಗ ಸಸಿ ಕೇಳ್ತಾನೆ, ಬೈತಾನೆ, ಕೊಡಬೇಡಿ. ಒಂದು ಹೂವಾದ್ರೂ ನೋಡ್ಕೊಂಡು ಹೋಗ್ತೀನಿ' ಅಂದ್ರು."