ಮರಳಿನ ಬಕೆಟ್ಟು

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಅತ್ತಿಗೆ ಟ್ರೇಯಲ್ಲಿದ್ದ ನಲವತ್ತನೆಯ ಪಿನ್ನನ್ನೂ ಮಸೂರದ ಕೆಳಗೆ ಹಿಡಿದು ನೋಡಿ, ಒಂದನೇ ದರ್ಜೆಯ ಡಬ್ಬಿಗೆ ಹಾಕಿದಳು. ಎರಡನೇ ದರ್ಜೆಯ ಡಬ್ಬಿ ಖಾಲಿ. ಹೋದ ವಾರವೂ ಖಾಲಿ, ಅದರ ಹಿಂದಿನ ವಾರವೂ ಖಾಲಿ. ಸಂತೋಷವಾಗಬೇಕಿತ್ತು. ಆಗಲಿಲ್ಲ.

ತಾಮ್ರದ ತಗಡನ್ನು ಹಕ್ಕಿಯ ಆಕಾರಕ್ಕೆ ಕತ್ತರಿಸಿ, ಮೇಲೆ ಬಣ್ಣದ ಗಾಜಿನ ಪುಡಿ ಉದುರಿಸಿ, ಕುಲುಮೆಯಲ್ಲಿ ಕರಗಿಸುವ ಕೆಲಸ ನಾದಿನಿಯದು. ಹೀಗೆ ತಯಾರಾದ, ಬಟ್ಟೆಗೆ ಸಿಕ್ಕಿಸುವ ಎನಾಮೆಲ್ ಪಿನ್ನುಗಳನ್ನು ಮಾರಾಟಕ್ಕೆ ಮುಂಚೆ ದರ್ಜೆ ನೋಡಿ ವಿಂಗಡಿಸುವುದು ಅತ್ತಿಗೆಯದು. ಗಾಜಿನಲ್ಲಿ ಎದ್ದ ಗುಳ್ಳೆಯ ಅಗಲ 0.3 ಮಿಲಿಮೀಟರ್ ಒಳಗಿದ್ದರೆ ಒಂದನೇ ದರ್ಜೆ, ಮೀರಿದರೆ ಎರಡನೆಯದು. ಕೈಯಲ್ಲಿ ಮಾಡಿದ್ದಕ್ಕೆ ಅಷ್ಟಾದರೂ ರಿಯಾಯಿತಿ ಬೇಕೆಂದು ಆ ಮಿತಿಯನ್ನು ಗೊತ್ತುಮಾಡಿದವಳೂ ಅವಳೇ. ಅಳತೆಗೆರೆಯ ಮಸೂರ ಅವಳ ಕೊರಳಿನಿಂದ ಇಳಿದದ್ದೇ ಇಲ್ಲ. "ಇದಕ್ಕೆ ಸಿಡುಬು ಎದ್ದಿದೆ ಕಣೇ, ಹೊದಿಸಿ ಮಲಗಿಸು", "ಇದು ಮೊಡವೆ ಬಂದ ಮದುಮಗಳು" ಎಂದು ಕಂಡ ಗುಳ್ಳೆಗೆಲ್ಲ ಹೆಸರಿಟ್ಟು ನಗಿಸುತ್ತಿದ್ದಳು, ಮಳಿಗೆಯಲ್ಲಿ ಗಿರಾಕಿಗಳ ಎದುರಿಗೂ. ಮೂರು ವಾರದಿಂದ ಆ ನಾಲಿಗೆಗೆ ಕೆಲಸವಿಲ್ಲ.

ಹೋಗಲಿ, ಕೈ ಪಳಗಿತು ಎನ್ನೋಣ. ತಾಮ್ರ ಎಲ್ಲಿ? ಈ ವಾರ ಕತ್ತರಿಸಿದ ಎರಡು ತಗಡಿಗೆ ತೊಂಬತ್ತು ಹಕ್ಕಿ ಬರಬೇಕಿತ್ತು. ಬಂದದ್ದು ನಲವತ್ತು. ಕತ್ತರಿಸಿ ಉಳಿದ ಚೂರನ್ನೂ ಅಡುಗೆಮನೆಯ ತಕ್ಕಡಿಗೆ ಹಾಕಿ ನೋಡಿದ್ದಳು. ಅದು ತೊಂಬತ್ತು ಹಕ್ಕಿಯ ಚೂರೇ. ಕುಲುಮೆಯ ಎಂಟುನೂರು ಡಿಗ್ರಿಯಲ್ಲಿ ತಾಮ್ರ ಕರಗುವುದೂ ಇಲ್ಲ, ಆವಿಯಾಗುವುದಂತೂ ದೂರದ ಮಾತು. ಹೋದದ್ದು ಎಲ್ಲೋ ಒಂದು ಕಡೆ ಇರಲೇಬೇಕು. ಬೇರೆ ಯಾರದೋ ಅಂಗಡಿಯಲ್ಲಿ? ಕುಲುಮೆ ಕೋಣೆಗೆ ಈಚೆಗೆ ಒಳಗಿನಿಂದ ಚಿಲಕ ಬೇರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಮನೆಯವರ ಕಣ್ಣೂ ಮುಚ್ಚಿರುತ್ತದೆಯೇ? ಇವತ್ತು ಕೋಣೆಯ ಬೀಗದಕೈ ಇಸಿದುಕೊಳ್ಳಬೇಕು. ಸಂಜೆ ಗಂಡನಿಗೂ ಹೇಳಬೇಕು, ನಿಮ್ಮ ತಂಗಿಗೆ ಹೊರಗೆ ವ್ಯಾಪಾರ ಕುದುರಿದೆ, ಇನ್ನು ಅವಳು ಬೇಡ ಎಂದು.

ಬಾಗಿಲು ತಟ್ಟಿದಳು. ಒಳಗೆ ಏನೋ ಸರ್ರೆಂದು ಎಳೆದ ಸದ್ದು. ಆಮೇಲೆ ಚಿಲಕ ತೆಗೆಯಿತು.

"ಇಷ್ಟು ಹೊತ್ತು ಬೇಕೇನೇ?"

"ಗಾಳಿ ಬಂದ್ರೆ ಪುಡಿ ಹಾರತ್ತೆ ಅತ್ತಿಗೆ, ಅದಕ್ಕೇ ಹಾಕ್ಕೊಂಡಿರ್ತೀನಿ."

"ಪುಡಿ ಹಾರತ್ತೋ, ಹಕ್ಕೀನೇ ಹಾರತ್ತೋ? ಐವತ್ತು ಲೆಕ್ಕಕ್ಕೆ ಸಿಗ್ತಿಲ್ಲ. ಯಾರಿಗೆ ಕೊಡ್ತಿದೀಯ?"

"ಯಾರಿಗೂ ಇಲ್ಲ."

"ಹಾಗಾದ್ರೆ ಎಲ್ಲೋ ಕೂತು ಮೊಟ್ಟೆಗೆ ಕಾವು ಕೊಡ್ತಿರ್ಬೇಕು, ಪಾಪ. ಬೀಗದಕೈ ಕೊಡು ಇಲ್ಲಿ."

ನಾದಿನಿ ಸೊಂಟದಿಂದ ಬೀಗದಕೈ ತೆಗೆದು ಮೇಜಿನ ಮೇಲಿಟ್ಟಳು. ಜಗಳಕ್ಕೆ ನಿಂತಿದ್ದರೆ ಅತ್ತಿಗೆಗೆ ಸಮಾಧಾನವಾಗುತ್ತಿತ್ತೇನೋ. ಇಷ್ಟು ಸಲೀಸಾಗಿ ಕೊಟ್ಟದ್ದು ಅನುಮಾನವನ್ನು ಇಮ್ಮಡಿ ಮಾಡಿತು. ಕೋಣೆಯನ್ನೆಲ್ಲ ಕಣ್ಣಿನಲ್ಲೇ ಗುಡಿಸಿದಳು: ಪುಡಿಯ ಬಾಟಲಿಗಳು, ಗರಗಸ, ಜರಡಿ, ಬೆಂಕಿ ಬಿದ್ದರೆ ಇರಲಿ ಎಂದು ಕುಲುಮೆಯ ಪಕ್ಕದಲ್ಲಿಟ್ಟ ಮರಳಿನ ಬಕೆಟ್ಟು. ಬಕೆಟ್ಟಿನ ಸುತ್ತ ನೆಲದ ಮೇಲೆ ಒಂದು ಹಿಡಿ ಮರಳು ಚೆಲ್ಲಿತ್ತು. ಈ ಕೋಣೆಗೆ ಒಂದು ದಿನವೂ ಬೆಂಕಿ ಬಿದ್ದಿಲ್ಲ. ಮರಳು ಯಾಕೆ ಚೆಲ್ಲಿತು?

"ಅತ್ತಿಗೆ, ಅದು ಬೇಡ."

ಅಷ್ಟರಲ್ಲಿ ಅವಳ ಕೈ ಮೊಣಕೈವರೆಗೂ ಮರಳಿನೊಳಗೆ ಇಳಿದಿತ್ತು. ಬೆರಳಿಗೆ ತಣ್ಣಗೆ, ನುಣ್ಣಗೆ ಏನೋ ತಗುಲಿತು. ಒಂದು ನೀಲಿ ಹಕ್ಕಿ ಬಂತು. ಮತ್ತೊಂದು ಬಂತು. ಹಳದಿ, ಕೆಂಪು, ಮತ್ತೆ ನೀಲಿ. ಐವತ್ತು ದಾಟಿದ ಮೇಲೆ ಎಣಿಸುವುದನ್ನು ಬಿಟ್ಟಳು. ಮಾರುವವರು ಹೀಗೆ ಹೂಳುವುದಿಲ್ಲ.

"ಏನೇ ಇದು?"

"ಗುಳ್ಳೆ ಬಂದಿರೋವು."

"ಬಂದ್ರೆ ಎರಡನೇ ಡಬ್ಬಿಗೆ ಹಾಕ್ತೀನಪ್ಪ. ನಾನಿರೋದು ಮತ್ಯಾಕೆ?"

"ಹಾಕ್ತೀರ." ನಾದಿನಿ ಏಪ್ರನ್ನಿಗೆ ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡಳು. "ಹಾಕೋಕೆ ಮುಂಚೆ ನಗ್ತೀರ. ಅವತ್ತು ಮಳಿಗೇಲಿ ಎಲ್ರೂ ನಕ್ರಲ್ಲ. ನಾನೂ ನಕ್ಕೆ."

ಅತ್ತಿಗೆ ಕೈಗೆ ಸಿಕ್ಕ ಒಂದು ನೀಲಿ ಹಕ್ಕಿಯ ಮರಳು ಊದಿ, ಕಿಟಕಿಯ ಬೆಳಕಿಗೆ ಹೋಗಿ, ಮಸೂರವನ್ನು ಕಣ್ಣಿಗೆ ಹಿಡಿದಳು. ಗುಳ್ಳೆ ಕಾಣಲಿಲ್ಲ. ತಿರುಗಿಸಿ ಹುಡುಕಿದಳು. ರೆಕ್ಕೆಯ ಬುಡದಲ್ಲಿ ಒಂದು ಸಿಕ್ಕಿತು. ಗೆರೆಗೆ ಹೊಂದಿಸಿ ಅಳೆದಳು. ನಂಬಿಕೆ ಬರದೆ ಇನ್ನೊಮ್ಮೆ ಅಳೆದಳು.

"ಎಷ್ಟಿದೆ?" ಎಂದಳು ನಾದಿನಿ, ತಾನೇ ಮೊದಲು ನಕ್ಕುಬಿಡುವುದಕ್ಕೆ ತಯಾರಾಗಿ.

0.1 ಮಿಲಿಮೀಟರ್ ಇತ್ತು.