ಸೋಲಾರ್ ನೀರಿಗೆ ಅರಿಶಿನ

"ಮನೆಯ ಸಮಸ್ತರಿಗೂ ತಿಳಿಸುವುದೇನೆಂದರೆ, ನಾಳೆ ಬೆಳಿಗ್ಗೆ ಯಾರೂ ಬಿಸಿನೀರಿನ ನಲ್ಲಿ ಮುಟ್ಟಕೂಡದು!" ಅಂತ ಪಂಚಾಕ್ಷರಿ ಡಂಗುರ ಸಾರಿದ.

ಸೋಲಾರ್ ಟ್ಯಾಂಕಿನ ಬಿಸಿನೀರು ದಿನಾ ಮನೆಯವರು ಏಳೋದ್ರೊಳಗೆ ಖಾಲಿಯಾಗ್ತಿತ್ತು. ಪ್ಲಂಬರ್ ನೋಡಿ, ಎಲ್ಲೋ ಸೋರ್ತಿದೆ, ಬಚ್ಚಲಿನ ಗೋಡೆ ಪೂರ್ತಿ ಒಡೀಬೇಕು ಅಂದಿದ್ದ. ಹೊಸ ಟೈಲ್ಸ್ ಉಳಿಸ್ಕೊಳ್ಳೋಕೆ ಪಂಚಾಕ್ಷರಿ ಟ್ಯಾಂಕಿಗೆ ಡಬ್ಬಿಗಟ್ಟಲೆ ಅರಿಶಿನ ಸುರಿದ. ಗೋಡೆ ಎಲ್ಲಿ ಹಳದಿಯಾಗುತ್ತೋ ಅಲ್ಲಿ ಮಾತ್ರ ಒಡೆದ್ರಾಯ್ತು.

"ಈ ಆರ್ಡರ್ ನಂಗಲ್ಲ ಬಿಡಿ ಅಳಿಯಂದ್ರೆ," ಅಂತ ಹಬ್ಬಕ್ಕೆ ಬಂದು ಉಳಿದಿದ್ದ ಮಾವ ಮೀಸೆ ತಿರುವಿದರು. "ಬಿಸಿನೀರೆಲ್ಲಾ ನಿಮ್ಮಂಥ ಸುಕುಮಾರರಿಗೆ. ನಂದು ವರ್ಷವಿಡೀ ತಣ್ಣೀರ ಸ್ನಾನ!"

ಬೆಳಗಾಗೆದ್ದು ಪಂಚಾಕ್ಷರಿ ಟಾರ್ಚ್ ಹಿಡಿದು ಬಚ್ಚಲಿನ ಹೊರಗೋಡೆಯನ್ನೆಲ್ಲಾ ತಡವಿದ. ಎಲ್ಲೂ ಒಂದು ಕಲೆಯಿಲ್ಲ.

ಅಷ್ಟರಲ್ಲಿ ಬಚ್ಚಲಿನ ಬಾಗಿಲು ತೆರೀತು. ಅರಿಶಿನ ಶಾಸ್ತ್ರ ಮುಗಿಸಿದ ಮದುಮಗನ ಹಾಗೆ ಮಾವ ಅಡಿಯಿಂದ ಮುಡಿವರೆಗೂ ಹಳದಿಯಾಗಿ ಹೊರಗೆ ಬಂದು, "ಆಹಾ, ತಣ್ಣೀರಿನ ಸುಖಾನೇ ಬೇರೆ!" ಅಂದರು.